ಗಾಜಿನ ತೊಟ್ಟಿಗೆ ಕಡಲ ಮೀನು

ಕಳೆದ ಚೈತ್ರದ ಸಂಚಿಕೆಯಲ್ಲಿ ಅಂಗಳದ ಗುಬ್ಬಚ್ಚಿಗಳಿಗೆ ನೀರಿಡುವ ಕುರಿತು ನಾವು ಬರೆದ ನಾಲ್ಕು ಮಾತುಗಳಿಗೆ ವಾಚಕ ಬಂಧುಗಳಿಂದ ಹಲವು ಪತ್ರಗಳು ಬಂದವು. ಅವುಗಳಲ್ಲಿ ಒಂದು ನಮ್ಮನ್ನು ಬಹಳ ಹೊತ್ತು ಚಿಂತನೆಗೆ ಹಚ್ಚಿತು. ಬರೆದವರು ದಾವಣಗೆರೆಯ ಒಬ್ಬ ವಯೋವೃದ್ಧ ತಾಯಿ. "ಶಾಸ್ತ್ರಿಗಳೇ, ಮೊಮ್ಮಗನ ಹುಟ್ಟುಹಬ್ಬಕ್ಕೆಂದು ನನ್ನ ಮಗ ಸಮುದ್ರದ ಮೀನಿನ ತೊಟ್ಟಿಯೊಂದನ್ನು ತಂದಿಟ್ಟ. ಐದು ಮೀನುಗಳಿದ್ದವು. ಇಪ್ಪತ್ತು ದಿನಗಳಲ್ಲಿ ನಾಲ್ಕು ಸತ್ತವು. ಹುಡುಗ ಸರಿಯಾಗಿ ಉಣ್ಣುತ್ತಿಲ್ಲ. ಇನ್ನೈದು ತಂದರಾಯಿತು ಎಂದು ಮಗ ಹೇಳುತ್ತಾನೆ. ಗುಬ್ಬಿಗೆ ನೀರಿಡಿರೆಂದು ಬರೆಯುವ ನೀವು ಇದಕ್ಕೆ ಏನೆನ್ನುತ್ತೀರಿ?" ಎಂಬುದು ಆ ಪತ್ರದ ಸಾರ.

ಇಂಥ ಪ್ರಶ್ನೆಗೆ ಕುಳಿತಲ್ಲಿಂದಲೇ ಉತ್ತರ ಬರೆದು ಅಂಚೆಗೆ ಹಾಕುವುದು ಸಲ್ಲದೆನಿಸಿತು. ನಮ್ಮ ಸೋದರಳಿಯನನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋದೆವು. ಅವನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ನಮ್ಮ ಮನೆಯ ಪಡಸಾಲೆಯಲ್ಲಿ ಏಳು ವರ್ಷಗಳಿಂದ ಇರುವ ಪುಟ್ಟ ಕಡಲ ತೊಟ್ಟಿಯೂ ಅವನದೇ ಕೊಡುಗೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವನ ವಿದ್ಯೆ. ಉಳಿದರ್ಧ ಈ ಏಳು ವರ್ಷಗಳಲ್ಲಿ ನಾವು ಮಾಡಿದ ತಪ್ಪುಗಳು.

ತೊಟ್ಟಿ ಚೆಲುವಾಗಿತ್ತು. ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಲೆಕ್ಕಕ್ಕೆ 110 ಲೀಟರಿನಷ್ಟಾದರೂ ಕಲ್ಲು, ಮರಳು ಹಾಕಿದ ಮೇಲೆ 90 ಲೀಟರು ನೀರು ಹಿಡಿದರೆ ಹೆಚ್ಚು. ಅದರೊಳಗೆ ಕಪ್ಪು ಮೈಯ ಮೇಲೆ ಬಿಳಿಯ ಚುಕ್ಕೆಗಳಿದ್ದ ಒಂದೇ ಒಂದು ಮೀನು, ಇಡೀ ರಾಜ್ಯಕ್ಕೆ ತಾನೇ ಅಧಿಪತಿಯೆಂಬಂತೆ ಅತ್ತಿಂದಿತ್ತ ಓಡಾಡುತ್ತಿತ್ತು. ಸತ್ತ ನಾಲ್ಕು ಯಾವುವೆಂದು ನಾವು ಕೇಳಿದಾಗ, ಐದನೆಯ ತರಗತಿಯಲ್ಲಿ ಓದುವ ಆ ಬಾಲಕ ನೋಟ್‌ಬುಕ್ಕೊಂದನ್ನು ತಂದು ತೋರಿಸಿದ. ಪ್ರತಿಯೊಂದು ಮೀನಿನ ಚಿತ್ರ, ಅದಕ್ಕೆ ತಾನಿಟ್ಟ ಹೆಸರು, ಅದು ಸತ್ತ ದಿನಾಂಕ ಎಲ್ಲವನ್ನೂ ಬರೆದಿಟ್ಟಿದ್ದ. ಆ ಪುಟಗಳನ್ನು ತಿರುವುತ್ತ ನಮ್ಮ ಅಳಿಯ ಮೆಲ್ಲಗೆ, "ಮಾವ, ಇವುಗಳಲ್ಲಿ ನಾಲ್ಕು ಈ ತೊಟ್ಟಿಗೆ ಬರಲೇಬಾರದಾಗಿತ್ತು. ಬರಬಹುದಾಗಿದ್ದ ಒಂದೂ ಬರಬಾರದ ಹೊತ್ತಿನಲ್ಲಿ ಬಂತು" ಎಂದ.

ಮೊದಲನೆಯದು ನೀಲಿ ಟ್ಯಾಂಗ್. 2003ರಲ್ಲಿ ತೆರೆ ಕಂಡ 'ಫೈಂಡಿಂಗ್ ನೀಮೋ' ಚಿತ್ರದ ಮರೆಗುಳಿ ಮೀನು ಇದೇ. ಅಂಗಡಿಯಲ್ಲಿ ಎರಡು ಅಂಗುಲದ ಮರಿಯಾಗಿ ಕಾಣುವ ಈ ಮೀನು ಬೆಳೆದಾಗ ಒಂದು ಅಡಿಯಷ್ಟಾಗುತ್ತದೆ. ಹವಳದ ದಿಬ್ಬಗಳ ಮೇಲೆ ದಿನವಿಡೀ ಈಜುತ್ತ ಮೇಯುವುದು ಅದರ ಸ್ವಭಾವ. ಅದಕ್ಕೆ ಆರು ಅಡಿಯ ತೊಟ್ಟಿಯೂ ಇಕ್ಕಟ್ಟೇ. ಎರಡನೆಯದು ಮ್ಯಾಂಡರಿನ್, ನೀಲಿ, ಹಸಿರು, ಕಿತ್ತಳೆಗಳ ಇಳಕಲ್ ಸೆರಗನ್ನು ಹೊದ್ದಂತಿರುವ ಮೀನು. ಕಲ್ಲಿನ ಸಂದುಗಳಲ್ಲಿ ಹರಿದಾಡುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಂತ ಹುಳುಗಳನ್ನು ಅದು ದಿನವಿಡೀ ಹೆಕ್ಕಿ ತಿನ್ನಬೇಕು. ಕಾಳು ಆಹಾರವನ್ನು ಹಾಕಿದರೆ ಬಹುಮಟ್ಟಿಗೆ ಮೂಸಿಯೂ ನೋಡುವುದಿಲ್ಲ. ಹೊಸ ತೊಟ್ಟಿಯಲ್ಲಿ ಆ ಹುಳುಗಳೇ ಇರುವುದಿಲ್ಲವಾಗಿ ಕಣ್ಣೆದುರಿಗೇ ಹಸಿದು ಸಾಯುತ್ತದೆ. ಮೂರನೆಯ ಮತ್ತು ನಾಲ್ಕನೆಯವು ಡಾಮಿನೊ ಎಂಬ ಜಾತಿಯ ಡ್ಯಾಮ್ಸೆಲ್ ಮೀನುಗಳು. ಅಗ್ಗದ ಬೆಲೆ, ಗಟ್ಟಿ ಜೀವ, ಆದರೆ ಮಹಾ ಜಗಳಗಂಟ. ಐದು ಅಂಗುಲದವರೆಗೆ ಬೆಳೆಯುತ್ತದೆ. ಎರಡರಲ್ಲಿ ಒಂದು ಮತ್ತೊಂದನ್ನು ಕಚ್ಚಿ ಕೊಂದಿತ್ತು. ಐದನೆಯದು ಕಿತ್ತಳೆ ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಕ್ಲೌನ್ ಮೀನು. ಈ ಮನೆಗೆ ತಕ್ಕ ಅತಿಥಿ ಅದೊಂದೇ ಆಗಿತ್ತು.

ಅಂಗಡಿಯವನು ತೊಟ್ಟಿ ಜೋಡಿಸಿದ ಮೂರನೆಯ ದಿನವೇ ಐದನ್ನೂ ಕೊಟ್ಟಿದ್ದನಂತೆ. "ಡ್ಯಾಮ್ಸೆಲ್ ಹಾಕಿರಿ, ನೀರು ತಾನಾಗಿ ಹದವಾಗುತ್ತದೆ" ಎಂದಿದ್ದನಂತೆ. ಇದು ಹಳೆಯ ರೂಢಿ, ಕ್ರೂರವಾದ ರೂಢಿ. ಇದರ ಮರ್ಮವನ್ನು ವಾಚಕರು ಚೆನ್ನಾಗಿ ಮನಗಾಣಬೇಕು. ಮೀನು ಉಸಿರಾಡಿದಾಗಲೂ, ಅದರ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತಾಗಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಕಲ್ಲು ಮರಳುಗಳಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹಾಲು ಹೆಪ್ಪಾಗಲು ರಾತ್ರಿಯೊಂದು ಸಾಕು. ಈ ಸೂಕ್ಷ್ಮಜೀವಿಗಳು ತಕ್ಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ತೊಟ್ಟಿಯಲ್ಲಿ ಮೀನಿರಬಾರದು. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಬರಿಯ ನೀರಿಗೇ ಹಾಕುತ್ತಿದ್ದರೆ ಸಾಕು, ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಗ್ರಾಸವಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದವೆಂದು ಪರೀಕ್ಷೆಯ ಕಿಟ್ಟು ತೋರಿಸಿದ ದಿನ ಮೊದಲ ಮೀನಿಗೆ ಬಾಗಿಲು ತೆರೆಯಬಹುದು. ಆ ಮನೆಯ ಕ್ಲೌನ್ ಮೀನು ಸತ್ತದ್ದು ಈ ತಾಳ್ಮೆ ಇಲ್ಲದ್ದರಿಂದ.

ನೀರಿನ ಬಗ್ಗೆ ಇನ್ನೆರಡು ಮಾತು ಹೇಳಿ ಮುಂದುವರಿಯುತ್ತೇವೆ. ಅಡುಗೆಯ ಉಪ್ಪು ಇದಕ್ಕೆ ಒದಗುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಬೆರೆತ ಸಮುದ್ರ ಲವಣದ ಮಿಶ್ರಣವೇ ಬೇಕು. ಲೀಟರಿಗೆ ಸುಮಾರು 35 ಗ್ರಾಂ. ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಹಾಗಾಗಿ ಆರಿದಷ್ಟಕ್ಕೆ ಶುದ್ಧವಾದ ಸಿಹಿನೀರನ್ನೇ ಸುರಿಯಬೇಕು, ಉಪ್ಪುನೀರನ್ನಲ್ಲ. ಉಷ್ಣತೆ 24ರಿಂದ 27 ಡಿಗ್ರಿಯೊಳಗಿದ್ದರೆ ಕ್ಷೇಮ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಇದೇ ದೊಡ್ಡ ತೊಡಕು. ನೀರು ಬಿಸಿಯಾದಷ್ಟೂ ಅದರಲ್ಲಿ ನಿಲ್ಲುವ ಪ್ರಾಣವಾಯು ಕಡಿಮೆ. ಮೇಲೆ ಕರೆಂಟು ಹೋಗಿ ಪಂಪು ನಿಂತರಂತೂ ಸಣ್ಣ ತೊಟ್ಟಿಯ ಮೀನುಗಳು ಕೆಲವೇ ಗಂಟೆಗಳಲ್ಲಿ ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಯಂತ್ರವೊಂದು ಮನೆಯಲ್ಲಿರಲಿ. ಮೀನುಗಳು ಕಡಿಮೆಯಿದ್ದರೆ ಇಂಥ ಸಂಕಟದ ವೇಳೆ ಉಳಿಯುತ್ತವೆ. ಸಣ್ಣ ತೊಟ್ಟಿಯಲ್ಲಿ ಎರಡು ಅಥವಾ ಮೂರು ಎಂದು ನಾವು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಆ ತಾಯಿ ನಮ್ಮನ್ನು ಕೇಳಿದ ಮುಖ್ಯ ಪ್ರಶ್ನೆ ಬೇರೆಯೇ ಆಗಿತ್ತು. "ಇವು ಎಲ್ಲಿಂದ ಬರುತ್ತವೆ ಶಾಸ್ತ್ರಿಗಳೇ? ಯಾರು ಹಿಡಿಯುತ್ತಾರೆ?" ಎಂದರು. ಅಂಗಡಿಗೆ ಹೋಗುವ ನೂರರಲ್ಲಿ ಒಬ್ಬರೂ ಈ ಪ್ರಶ್ನೆಯನ್ನು ಕೇಳಲಾರರೆಂದು ನಮಗೆ ಅನ್ನಿಸುತ್ತದೆ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮತ್ಸ್ಯಾಲಯ ತೆರೆದದ್ದು 1853ರಲ್ಲಿ. ಅದರ ಹಿಂದೆ ಶ್ರಮಿಸಿದ ಫಿಲಿಪ್ ಹೆನ್ರಿ ಗಾಸ್ ಎಂಬ ಪಂಡಿತರು ಮರುವರ್ಷ ಅಕ್ವೇರಿಯಂ ಕುರಿತು ಗ್ರಂಥವೊಂದನ್ನೇ ಬರೆದರು. ಅದನ್ನು ಓದಿದ ಜನ ಇಂಗ್ಲೆಂಡಿನ ಕಡಲತೀರಗಳಿಗೆ ಮುಗಿಬಿದ್ದು, ಬಂಡೆಗಳ ನಡುವಿನ ಹೊಂಡಗಳಲ್ಲಿದ್ದ ಜೀವಿಗಳನ್ನೆಲ್ಲ ಬಾಚಿ ಒಯ್ದರು. ತಂದೆಯ ಜೊತೆ ಆ ಹೊಂಡಗಳ ಬಳಿ ಆಡಿ ಬೆಳೆದ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ಆ ತೀರಗಳು ಬರಿದಾದುದನ್ನೂ, ಅದು ತನ್ನ ತಂದೆಯ ಮನಸ್ಸಿಗೆ ತಂದ ನೋವನ್ನೂ ಬಹಳ ಖೇದದಿಂದ ನೆನೆದಿದ್ದಾರೆ. ಕಡಲನ್ನು ಪ್ರೀತಿಸಿರೆಂದು ಬರೆದ ಪುಸ್ತಕವೇ ಕಡಲಂಚನ್ನು ಬರಿದು ಮಾಡಿತು. ಅಂಕಣ ಬರೆಯುವ ನಮ್ಮಂಥವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಕಾಲದಲ್ಲಿ ನಡೆದದ್ದು ಇನ್ನೂ ಘೋರ. 1960ರ ದಶಕದಿಂದ ಫಿಲಿಪ್ಪೀನ್ಸ್‌ನಲ್ಲಿ, ಅನಂತರ ಇಂಡೋನೇಷ್ಯಾದಲ್ಲಿ, ಹವಳದ ಸಂದುಗಳಿಗೆ ಸಯನೈಡ್ ದ್ರಾವಣವನ್ನು ಚಿಮ್ಮಿಸಿ, ಮಂಪರು ಬಂದ ಮೀನುಗಳನ್ನು ಹಿಡಿದು ಮಾರುವ ಪದ್ಧತಿ ಬೆಳೆಯಿತು. ವಿಷ ತಾಗಿದ ಹವಳವೂ ಸಾಯುತ್ತದೆ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡರೂ ಕೊಂಡ ಕೆಲವು ದಿನಗಳಲ್ಲಿ ಕಾರಣವೇ ತಿಳಿಯದಂತೆ ಅಸುನೀಗುವುದುಂಟು. ಆದುದರಿಂದ ಮೀನಿನ ಬಣ್ಣವನ್ನು ಕೇಳುವ ಮೊದಲು ಅದರ ಹುಟ್ಟನ್ನು ಕೇಳಿರಿ. ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದೋ, ಕಡಲಿನಿಂದ ಹಿಡಿದದ್ದೋ ಎಂದು. ನೀಲಿ ಟ್ಯಾಂಗ್ ಮೀನನ್ನು ಮನುಷ್ಯನ ಆರೈಕೆಯಲ್ಲಿ ಮರಿ ಮಾಡಿಸಲು ಫ್ಲಾರಿಡಾ ವಿಶ್ವವಿದ್ಯಾಲಯದ ತಜ್ಞರಿಗೆ ಸಾಧ್ಯವಾದದ್ದು 2016ರಲ್ಲಷ್ಟೇ. ಕ್ಲೌನ್ ಮೀನಿನ ಕಥೆ ಹಾಗಲ್ಲ. ದಶಕಗಳಿಂದ ಅದನ್ನು ತೊಟ್ಟಿಗಳಲ್ಲೇ ಬೆಳೆಸುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಿಯೂ, 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಮರಿ ಮಾಡಿಸುವ ವಿಧಾನವನ್ನು ಸಾಧಿಸಿ ತೋರಿಸಿದ್ದಾರೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಕಡಲಕುದುರೆಯನ್ನೂ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿನೊಳಗೆ ಇಳಿದು ನೋಡಿ ಬರುವವರು ಒಂದು ಚೂರು ಹವಳವನ್ನೂ ತರಕೂಡದು. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಲೂ ಕೂಡದು. ತೊಟ್ಟಿಗೆ ಬೇಕಾದ ರಂಧ್ರಗಳುಳ್ಳ ಕಲ್ಲುಗಳನ್ನು ಸಿಮೆಂಟಿನಿಂದಲೂ ಪಿಂಗಾಣಿಯಿಂದಲೂ ಮಾಡಿಯೇ ಮಾರುತ್ತಾರೆ. ಬ್ಯಾಕ್ಟೀರಿಯಾಗಳಿಗೆ ಅದೇ ಸಾಕು.

ಇನ್ನು ಆಯ್ಕೆಗೆ ಬರೋಣ. ನಮ್ಮ ಮೊದಲ ಮಾತು ಕ್ಲೌನ್ ಮೀನಿನ ಜೋಡಿ. ಬೆಳೆದರೆ ಮೂರು ಮೂರೂವರೆ ಅಂಗುಲ. ದೂರ ಈಜುವ ಹಂಬಲವಿಲ್ಲ; ಕಡಲಿನಲ್ಲಿಯೂ ಒಂದು ಎನಿಮೋನಿನ ಆಸರೆಯಲ್ಲಿ ಒಂದೆರಡು ಮಾರು ಜಾಗದಲ್ಲಿಯೇ ಜೀವನವನ್ನು ಕಳೆಯುವ ಮೀನು ಇದು. ಎನಿಮೋನ್ ಎಂದರೆ ಹೂವಿನಂತೆ ಅರಳಿ ಕುಳಿತು ಚುಚ್ಚುವ ಎಳೆಗಳಿಂದ ಬೇಟೆಯಾಡುವ ಪ್ರಾಣಿ. ಅದಿಲ್ಲದೆ ಕ್ಲೌನ್ ಬದುಕದೆಂಬುದು ತಪ್ಪು ತಿಳಿವಳಿಕೆ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಅದಿಲ್ಲದೆಯೇ ಸುಖವಾಗಿರುತ್ತದೆ. ತೀವ್ರವಾದ ಬೆಳಕನ್ನೂ ಹಳಗಿದ ನೀರನ್ನೂ ಬೇಡುವ ಎನಿಮೋನನ್ನು ಹೊಸಬರು ತರದಿರುವುದೇ ಒಳಿತು. ಈ ಮೀನಿನ ಸಂಸಾರದ ರೀತಿ ವಿಸ್ಮಯಕರವಾದುದು. ಮರಿಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಪ್ರಬಲವಾದದ್ದು ಹೆಣ್ಣಾಗಿ ಮಾರ್ಪಡುತ್ತದೆ. ಹೆಣ್ಣು ಸತ್ತರೆ ಅದರ ಜೊತೆಗಿದ್ದ ಗಂಡು ಹೆಣ್ಣಾಗಿ ಮನೆತನದ ಹೊಣೆ ಹೊರುತ್ತದೆ. ಹಾಗಾಗಿ ಕೊಳ್ಳುವಾಗ ಒಂದು ತುಸು ದೊಡ್ಡದು, ಒಂದು ಚಿಕ್ಕದು ಎಂಬಂತೆ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ತಂದರೆ ತಾವೇ ಜೋಡಿಯಾಗುತ್ತವೆ. ಮೂರನೆಯದು ಬೇಡ, ಅದನ್ನು ಕಚ್ಚಿ ಕಚ್ಚಿ ಮೂಲೆಗೆ ತಳ್ಳುತ್ತವೆ. ಹಿತವಾದ ನೀರಿದ್ದರೆ ಕಲ್ಲಿನ ಮೇಲೆ ಮೊಟ್ಟೆಯಿಡುತ್ತವೆ. ಹಗಲಿರುಳು ರೆಕ್ಕೆ ಬೀಸಿ ಅವುಗಳನ್ನು ಕಾಯುವ ಕೆಲಸ ಹೆಚ್ಚಾಗಿ ಗಂಡಿನದು.

ಕ್ಲೌನ್ ಬೇಡವೆನ್ನುವವರಿಗೆ ಬಂಗಾಯಿ ಕಾರ್ಡಿನಲ್ ಇದೆ. ಬೆಳ್ಳಿಯ ಮೈಗೆ ಕಪ್ಪು ಪಟ್ಟಿ, ಗಂಭೀರ ನಡಿಗೆ, ಮೂರು ಅಂಗುಲದ ಗಾತ್ರ. ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಸುತ್ತಮುತ್ತಲೇ ಇದರ ಸಹಜ ನೆಲೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದುದರ ಫಲವಾಗಿ 2007ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಇದರಲ್ಲಿ ತಂದೆಯೇ ಮೊಟ್ಟೆಗಳನ್ನೂ ಮರಿಗಳನ್ನೂ ಮೂರು ನಾಲ್ಕು ವಾರ ಬಾಯಲ್ಲಿಟ್ಟುಕೊಂಡು ಸಲಹುತ್ತದೆ. ಅಷ್ಟು ದಿನವೂ ಅದಕ್ಕೆ ಉಪವಾಸ. ಇಂಥ ಮೀನನ್ನು ಕಡಲಿನಿಂದ ಹಿಡಿದು ತಂದದ್ದಾದರೆ ಮುಟ್ಟಬೇಡಿರಿ. ತೊಟ್ಟಿಯಲ್ಲಿ ಹುಟ್ಟಿದ ಜೋಡಿ ದೊರೆತರೆ ಮಾತ್ರ ಸ್ವೀಕರಿಸಬಹುದು.

ಜೋಡಿಯ ಜೊತೆಗೆ ಒಂದು ಗೋಬಿ. ಇದು ಹೂಕೋಸಲ್ಲ, ತಳದಲ್ಲಿ ಮರಳಿಗೆ ಅಂಟಿಕೊಂಡಂತಿರುವ ಸಾಧು ಮೀನು. ಹಳದಿ ವಾಚ್‌ಮನ್ ಗೋಬಿಯ ಜೊತೆಗೆ ಪಿಸ್ತೂಲು ಸೀಗಡಿಯೊಂದನ್ನು ಬಿಟ್ಟರೆ, ಮಂದಗಣ್ಣಿನ ಸೀಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾವಲಿರುತ್ತದೆ. ಸೀಗಡಿಯ ಮೀಸೆ ಸದಾ ಗೋಬಿಯ ಮೈಗೆ ತಾಗಿರುತ್ತದೆ. ನಮ್ಮ ಪಡಸಾಲೆಯಲ್ಲಿ ಈ ಜೋಡಿಯನ್ನು ನೋಡುತ್ತ ಎಷ್ಟೋ ಸಂಜೆಗಳನ್ನು ಕಳೆದಿದ್ದೇವೆ. ಅದೇ ತೊಟ್ಟಿಯಲ್ಲಿ ಮೊದಲೊಂದು ಫೈರ್‌ಫಿಶ್ ಇತ್ತು. ಮುಂಭಾಗ ಬಿಳುಪು, ಹಿಂಭಾಗ ಕೆಂಡ. ಸಣ್ಣ ತೊಟ್ಟಿಗೆ ಯೋಗ್ಯವೇ, ಆದರೆ ಬೆದರಿದರೆ ಚಿಮ್ಮಿ ಹಾರುವ ಮೀನು. ಒಂದು ರಾತ್ರಿ ಆಹಾರ ಹಾಕಿದ ನಾವೇ ಮುಚ್ಚಳವನ್ನು ಮರೆತೆವು. ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಆ ತಾಯಿಗೆ ಇದನ್ನು ಹೇಳಿದಾಗ, "ಹಾಗಾದರೆ ನಿಮ್ಮ ಮನೆಯಲ್ಲೂ ಆಗಿದೆ" ಎಂದು ಮೊದಲ ಬಾರಿಗೆ ತುಸು ನಕ್ಕರು.

ಅಂಗಡಿಯವರು ಗುಂಪಾಗಿ ಮಾರುವ ಹಸಿರು ಕ್ರೋಮಿಸ್ ಸಣ್ಣ ತೊಟ್ಟಿಯಲ್ಲಿ ಒಂದೊಂದನ್ನೇ ಪೀಡಿಸಿ ಕೊನೆಗೆ ಒಂದೇ ಉಳಿಯುವುದುಂಟು. ಬೇರೆ ಮೀನುಗಳ ಮೈಮೇಲಿನ ಹೇನುಗಳನ್ನು ತಿಂದು ಬದುಕುವ ಕ್ಲೀನರ್ ರಾಸ್ ಎರಡು ಮೂರು ಮೀನುಗಳ ತೊಟ್ಟಿಯಲ್ಲಿ ಹಸಿಯುತ್ತದೆ. ಸಿಂಹಮೀನಿಗೆ ವಿಷದ ಮುಳ್ಳುಗಳಿವೆ. ಬಾಯಿಗೆ ಹಿಡಿಸಿದ ಗೆಳೆಯನನ್ನೆಲ್ಲ ನುಂಗುತ್ತದೆ. ಇವು ಬೇಡ. ಯಾವುದನ್ನೇ ಕೊಳ್ಳಲಿ, ಅಂಗಡಿಯಲ್ಲಿ ನಿಮ್ಮೆದುರಿಗೆ ಅದು ಆಹಾರ ತಿನ್ನುವುದನ್ನು ನೋಡಿರಿ. ಹೊಟ್ಟೆ ಒಳಸೇರಿದ್ದರೆ, ಮೈಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದರೆ, ಏದುಸಿರು ಬಿಡುತ್ತಿದ್ದರೆ ಕನಿಕರದಿಂದಲೂ ತರಬೇಡಿರಿ.

ಈಗ ನಮ್ಮ ಮನೆಗಳಿಗೇ ಸಂಬಂಧಿಸಿದ ಒಂದು ಸಂಗತಿ. ಇದನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕವಲ್ಲ. ಕಡಲ ಮೀನಿಗೆ ಹಾಕುವ ಆಹಾರದಲ್ಲಿ ಸೀಗಡಿಯೂ ಮೀನಿನ ಪುಡಿಯೂ ಇರುತ್ತದೆ. ಅಂಗಡಿಯವನು ಕೊಟ್ಟ ಹೆಪ್ಪುಗಟ್ಟಿದ ಸೀಗಡಿಯ ಪೊಟ್ಟಣವನ್ನು ಮಗ ಫ್ರಿಜ್ಜಿನಲ್ಲಿ, ಹಾಲು ಮೊಸರಿನ ಮೇಲುಗಡೆ ಇಟ್ಟಿದ್ದನೆಂಬುದೇ ಆ ಮನೆಯಲ್ಲಿ ಅರ್ಧ ಕಲಹಕ್ಕೆ ಕಾರಣವಾಗಿತ್ತು. ಯಜಮಾನರು, "ಸಸ್ಯಾಹಾರಿ ಮೀನನ್ನೇ ತಂದರಾಗದೇ?" ಎಂದು ಕೇಳಿದರು. ಪ್ರಶ್ನೆ ಸಹಜವಾದದ್ದು, ಉತ್ತರವೇ ಕಠಿಣ. ಕಡಲಿನಲ್ಲಿ ಪಾಚಿ ಮೇಯುವ ಮೀನುಗಳಿವೆ. ಆದರೆ ಟ್ಯಾಂಗ್ ಜಾತಿಯವು ದೊಡ್ಡ ತೊಟ್ಟಿಯವು. ಪಾಚಿ ಕೆರೆಯುವ ಬ್ಲೆನ್ನಿಯಂಥದನ್ನು ತಂದರೆ, ನಮ್ಮ 90 ಲೀಟರಿನ ಪಾಚಿ ಕೆಲವು ವಾರಗಳಲ್ಲಿ ಮುಗಿದು ಅದು ಬಡಕಲಾಗುತ್ತದೆ. ನಮ್ಮ ಆಚಾರವನ್ನು ಮೀನಿನ ಮೇಲೆ ಹೊರಿಸಿ ಅದನ್ನು ಉಪವಾಸ ಕೆಡವುವ ಅಧಿಕಾರ ನಮಗಿಲ್ಲ. ತೊಟ್ಟಿಯಲ್ಲಿ ಹುಟ್ಟಿದ ಕ್ಲೌನ್ ಎಳವೆಯಿಂದಲೇ ಒಣ ಕಾಳಿಗೆ ಒಗ್ಗಿರುವುದರಿಂದ ಫ್ರಿಜ್ಜಿನ ಸಮಸ್ಯೆ ತೀರುತ್ತದೆ. ಕಾಳಿನಲ್ಲಿ ಮೀನಿನ ಪುಡಿ ಇದ್ದೇ ಇರುತ್ತದೆ. ಡಬ್ಬಿಯನ್ನು ಅಡುಗೆಮನೆಯ ಹೊರಗಿಟ್ಟು, ಹಾಕಿದ ಮೇಲೆ ಕೈ ತೊಳೆದುಕೊಳ್ಳಬಹುದು. ಅಷ್ಟನ್ನೂ ಮನಸ್ಸು ಒಪ್ಪದಿದ್ದರೆ ಕಡಲ ಮೀನನ್ನು ಸಾಕಲೇಬಾರದು; ಅದರಲ್ಲಿ ಅವಮಾನವೇನೂ ಇಲ್ಲ.

ಮನೆಯವರು ಮರುದಿನದವರೆಗೆ ಸಮಯ ಕೇಳಿ, ಕಾಳಿನ ಏರ್ಪಾಟಿಗೆ ಒಪ್ಪಿದರು. ಉಳಿದ ಡಾಮಿನೊ ಮೀನಿನ ಗತಿಯೇನೆಂಬ ಮಾತು ಬಂತು. ಕಾರವಾರದ ಕಡಲಿಗೆ ಬಿಟ್ಟು ಬರೋಣವೆಂದು ತಾಯಿ ಸೂಚಿಸಿದರು. ಭಾವನೆ ಒಳ್ಳೆಯದೇ. ಆದರೆ ತೊಟ್ಟಿಯ ಮೀನು ತೊಟ್ಟಿಯ ರೋಗವನ್ನು ಕಡಲಿಗೆ ಒಯ್ಯಬಹುದು. ತನ್ನದಲ್ಲದ ನೀರಿನಲ್ಲಿ ಹೆಚ್ಚಿ ಹಾವಳಿಯೆಬ್ಬಿಸಲೂಬಹುದು. ಹಿಂದೂ ಹಾಗೂ ಪೆಸಿಫಿಕ್ ಸಾಗರಗಳ ಸಿಂಹಮೀನು 1985ರಲ್ಲಿ ಫ್ಲಾರಿಡಾದ ಕಡಲಿನಲ್ಲಿ ಕಾಣಿಸಿಕೊಂಡು, ಮುಂದೆ ಕೆರಿಬಿಯನ್ ತೀರಗಳನ್ನೆಲ್ಲ ಆವರಿಸಿತು. ಅದಕ್ಕೆ ಅಕ್ವೇರಿಯಂಗಳಿಂದ ಹೊರಬಿಟ್ಟ ಮೀನುಗಳೇ ಮೂಲವೆಂದು ತಜ್ಞರು ಭಾವಿಸುತ್ತಾರೆ. ಕೊನೆಗೆ ಬೆಂಗಳೂರಿನಲ್ಲಿ ಆರಡಿ ತೊಟ್ಟಿಯಿಟ್ಟಿರುವ ಅಳಿಯನ ಗೆಳೆಯರೊಬ್ಬರು ಡಾಮಿನೊವನ್ನು ಒಯ್ದರು.

ಬರಿಯ ತೊಟ್ಟಿ ಐದು ವಾರ ನಡೆಯಿತು. ಮೀನಿಲ್ಲದ ನೀರಿಗೆ ಹುಡುಗ ದಿನವೂ ಚಿಟಿಕೆ ಆಹಾರ ಹಾಕಿ, ಪರೀಕ್ಷೆಯ ಬಣ್ಣವನ್ನು ಅದೇ ನೋಟ್‌ಬುಕ್ಕಿನಲ್ಲಿ ಬಳಿದಿಟ್ಟ. ಹೊರಡುವ ಮುನ್ನ ಅವನಿಗೆ ನಾವು ಇನ್ನೊಂದು ಮಾತು ಹೇಳಿದ್ದೆವು: ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ, ನೀನು ಕಾಲೇಜಿಗೆ ಬೇರೆ ಊರಿಗೆ ಹೋದಾಗ ಯಾರು ನೋಡುವರು ಎಂದು. ಹುಡುಗ ಅಜ್ಜಿಯ ಮುಖ ನೋಡಿದ. ಅಜ್ಜಿ ಏನೂ ಹೇಳಲಿಲ್ಲ.

ಕಳೆದ ವಾರ ಆ ತಾಯಿಯಿಂದ ಕಾಗದ ಬಂದಿದೆ. ಎರಡು ಕ್ಲೌನ್ ಮೀನುಗಳು ಬಂದು ಎರಡು ತಿಂಗಳಾದವಂತೆ. ಗೋಬಿಯನ್ನು ದೀಪಾವಳಿಯ ನಂತರ ತರುತ್ತಾರಂತೆ. ಬೆಳಗಿನ ಕಾಳನ್ನು ಹುಡುಗ ಹಾಕುತ್ತಾನೆ, ಸಂಜೆಯದನ್ನು ತಾವೇ ಹಾಕುತ್ತಿರುವುದಾಗಿಯೂ, ದೊಡ್ಡ ಮೀನು ತಮ್ಮ ಬಳೆಯ ಸದ್ದಿಗೆ ಗಾಜಿನ ಬಳಿ ಬಂದು ನಿಲ್ಲುವುದಾಗಿಯೂ ಬರೆದಿದ್ದಾರೆ.